ಲಗೇಜ್ ತುಂಬುವಾಗ ಅಬುಧಾಬಿಯವರನ್ನೂ ಒಂದು ಮಾತು ಕೇಳುವ ಬಗ್ಗೆ

ಇಂದ:
ಅದ್ದು,
ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ.
(ಸದ್ಯ ಸದರಿ ಮನೆಯ ಹಾಲ್‌ನಲ್ಲಿ ಮಾತ್ರ ವಾಸ)

ಗೆ:
ಮರಿಯಮ್ ಬೀವಿಯವರು,
ಅರ್ಜಿದಾರನ ಉಮ್ಮ ಹಾಗೂ ಲಗೇಜಿಗೆ ಸಂಬಂಧಿಸಿದ ಸರ್ವಾಧಿಕಾರಿಗಳು,
ದೇರಳಕಟ್ಟೆ.

ವಿಷಯ: ಜುಲೈ ನಾಲ್ಕರ ವಿಮಾನದಲ್ಲಿ ಊರಿಗೆ ತರುವ ಸಾಮಾನಿನ ಬಗ್ಗೆ ತಮ್ಮ ಸೊಸೆ ಮತ್ತು ಮೊಮ್ಮಗಳ ಅಭಿಪ್ರಾಯವನ್ನೂ ಕೇಳಬೇಕೆಂದು ಕೋರಿಕೆ.

ಉಲ್ಲೇಖ: 1. ತಮ್ಮ ಶುಕ್ರವಾರದ ವಾಯ್ಸ್ ಮೆಸೇಜ್: "ಅಬೂಬಕ್ಕರ್ ಮನೆಗೆ ಎರಡು ಕಂಬಳಿ, ಮರಿಬೇಡ."
2. ಅದರ ಬೆನ್ನಿಗೇ ಬಂದ ಇನ್ನೊಂದು: "ಎರಡಲ್ಲ, ಮೂರು."

ಮಾನ್ಯರೇ,

ಸದರಿ ಅರ್ಜಿದಾರನು ಮುಸಫ್ಫಾದ ಟೈಪಿಂಗ್ ಸೆಂಟರಿನಲ್ಲಿ ಕುಳಿತು ಕಂಡವರ ವೀಸಾಕ್ಕೆಲ್ಲ ಅರ್ಜಿ ಬರೆಯುವವನಾಗಿದ್ದು, ತನಗಾಗಿ ಒಂದನ್ನು ಬರೆಯುತ್ತಿರುವುದು ಇದೇ ಮೊದಲು. ಅದೂ ಹೆತ್ತ ಉಮ್ಮನಿಗೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಫೋನಿನಲ್ಲಿ ತಾವೊಬ್ಬರೇ ಮಾತಾಡುವ ಕಾರಣ ಈ ಕ್ರಮ ಅನಿವಾರ್ಯವಾಯಿತು.

1. ಮಗಳು ಮಿನ್ಹಾಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಅಮೆರಿಕದ ವಸಾಹತಿನವರು ಬ್ರಿಟಿಷ್ ರಾಜನ ವಿರುದ್ಧ ಯಾಕೆ ತಿರುಗಿಬಿದ್ದರು, ಬೇರೆ ದೇಶ ಯಾಕೆ ಕಟ್ಟಿದರು ಎಂಬುದು ವಿಷಯ. ಪಿಯುಸಿಯಲ್ಲಿ ಇತಿಹಾಸ ಓದಿದ ಹುಮ್ಮಸ್ಸಿನಲ್ಲಿ ಅರ್ಜಿದಾರನು ಊಟದ ಹೊತ್ತಿಗೆ ವಿವರಿಸಲು ಹೊರಟನು. ರಾಜ ಇದ್ದದ್ದು ಕಡಲಾಚೆ. ವಸಾಹತಿನವರು ಅವನನ್ನು ತಮ್ಮವನೆಂದೇ ನಂಬಿದ್ದರು. ಫ್ರೆಂಚರೊಡನೆ ಯುದ್ಧ ಮಾಡಿ ಬೊಕ್ಕಸ ಬರಿದಾದ ಮೇಲೆ, ನಿಮ್ಮನ್ನು ಕಾಪಾಡಿದ್ದು ನಾವೇ ತಾನೆ ಎಂದು ಲಂಡನ್ನಿನ ಪಾರ್ಲಿಮೆಂಟು ಅವರ ಕಾಗದಕ್ಕೆ, ಚಹಾಕ್ಕೆ ತೆರಿಗೆ ಹಾಕಿತು. ಆ ಪಾರ್ಲಿಮೆಂಟಿನಲ್ಲಿ ವಸಾಹತಿನವರ ಪರವಾಗಿ ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಇಷ್ಟು ಹೇಳಿದರೂ ಮಗುವಿನ ತಲೆಗೆ ಹೋಗಲಿಲ್ಲ. ಆದ್ದರಿಂದ ಅರ್ಜಿದಾರನು ಸುಲಭವಾಗಲೆಂದು ಒಂದು ಉದಾಹರಣೆ ಕೊಟ್ಟನು:

"ಈಗ ನೋಡು, ನಮ್ಮ ಬ್ಯಾಗಿಗೆ ಎಂತೆಲ್ಲ ಹಾಕ್ಬೇಕೂಂತ ಅಜ್ಜಿ ಊರಲ್ಲಿ ಕೂತು ಹೇಳ್ತಾರಲ್ಲ, ಹಾಗೇ."

ಉದಾಹರಣೆ ಚೆನ್ನಾಗಿ ಅರ್ಥವಾಯಿತು. ಮಗಳಿಗೆ ಮಾತ್ರವಲ್ಲ, ಸಾರು ಬಡಿಸುತ್ತಿದ್ದ ಹೆಂಡತಿ ಜಸೀನಾಗೂ.

2. ಸದರಿ ಜಸೀನಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ನನ್ನ ಉಮ್ಮನಿಗೆ ಮಂಡಿನೋವು ಅಂತ ಪ್ರತಿ ಸಲ ಮೆತ್ತನೆ ಚಪ್ಪಲಿ ತರ್ತೇನೆ. ಪ್ರತಿ ಸಲ ತೂಕ ಜಾಸ್ತಿ ಅಂತ ಅದನ್ನೇ ತೆಗೀತೀರಿ. ಬೇರೆ ಎಂತದ್ದೂ ತೆಗಿಲಿಕ್ಕೆ ನಿಮ್ಮ ಕೈ ಬರುದಿಲ್ಲ ಅಲ್ವಾ?" ಎಂದು ಕೇಳಿದಳು. ಚಪ್ಪಲಿಗಳು ಕಪಾಟಿನಲ್ಲಿ ಸಾಲಾಗಿ ಕೂತಿರುವುದು ನಿಜ.

3. ಮಿನ್ಹಾಳ ದೂರು ಬೇರೆ. ಆಕೆ ಅದೇ ಪ್ರಾಜೆಕ್ಟಿಗೆ ರಟ್ಟಿನ ಹಡಗೊಂದನ್ನು ಮಾಡಿದ್ದಾಳೆ. ತೆರಿಗೆಯ ಸಿಟ್ಟಿಗೆ ವಸಾಹತಿನವರು ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದರಲ್ಲ, ಆ ಹಡಗು. ಹಾಯಿಗೆ ಅರ್ಜಿದಾರನ ಹಳೇ ಬಿಳಿ ಲುಂಗಿ ಹೋಗಿದೆ. ಅದನ್ನು ತಮಗೆ ತೋರಿಸಬೇಕೆಂದು ಆಕೆಗೆ ಆಸೆ. ಈ ಬಗ್ಗೆ ತಮ್ಮಲ್ಲಿ ಪ್ರಸ್ತಾಪಿಸಲಾಗಿ ತಾವು, "ರಟ್ಟು ಇಲ್ಲಿಯೂ ಸಿಗ್ತದೆ ಮೋನೆ, ಆ ಜಾಗದಲ್ಲಿ ಕಂಬಳಿ ಇಡು" ಎಂದು ಅಪ್ಪಣೆ ಕೊಟ್ಟಿರಿ. ಕಂಬಳಿಯೂ ಮಂಗಳೂರಿನಲ್ಲಿ ಸಿಗುತ್ತದೆ ಎಂಬುದನ್ನು ಅರ್ಜಿದಾರನು ಅಂಜುತ್ತಲೇ ತಮ್ಮ ಗಮನಕ್ಕೆ ತರಬಯಸುತ್ತಾನೆ. ಫೋನು ಸ್ಪೀಕರಿನಲ್ಲಿತ್ತು. ಮಗಳು ಹಡಗನ್ನು ಎತ್ತಿಕೊಂಡು ಒಳಗೆ ಹೋದಳು. ಅರ್ಜಿದಾರನಿಗೆ ಅಂದಿನಿಂದ ಅನ್ನ ಸೇರುತ್ತಿಲ್ಲ.

4. ತಮ್ಮ ನೆರೆಮನೆಯ ಅಬೂಬಕ್ಕರರ ಮೇಲೆ ಯಾರಿಗೂ ಸಿಟ್ಟಿಲ್ಲ. ಪ್ರತಿ ವರ್ಷ ನಮ್ಮನ್ನು ಏರ್‌ಪೋರ್ಟಿನಿಂದ ತಮ್ಮ ಓಮ್ನಿಯಲ್ಲಿ ಕರೆತಂದು ಪೆಟ್ರೋಲಿಗೆಂದೂ ಒಂದು ಪೈಸೆ ಮುಟ್ಟದವರು ಅವರು. ತಾವು ಕಂಬಳಿ ಹೇಳುವುದು ಆ ಋಣಕ್ಕೆ ಎಂದು ಅರ್ಜಿದಾರನಿಗೆ ಗೊತ್ತು. ಜಸೀನಾಗೂ ಗೊತ್ತು. ರಾಜನ ಬಳಿಯೂ ಒಳ್ಳೆಯ ಕಾರಣಗಳಿದ್ದವು ಎಂದು ಮಿನ್ಹಾ ಹೇಳುತ್ತಾಳೆ.

5. ಆ ಫೋನಿನ ಮರುದಿನ ಅರ್ಜಿದಾರನು ಸ್ನಾನಕ್ಕೆ ಹೋಗಲಾಗಿ ಬಾತ್‌ಟಬ್ ತುಂಬ ಕಿತ್ತಳೆ ಬಣ್ಣದ ನೀರಿತ್ತು. ನೆಂಟರಿಗೆಂದು ತಂದಿಟ್ಟಿದ್ದ ಪಾನಕದ ಪುಡಿಯಷ್ಟೂ ಅಲ್ಲಿ ಕರಗಿತ್ತು. ಹಡಗು ಅದರ ಮೇಲೆ ತೇಲುತ್ತಿತ್ತು. ವಿಚಾರಿಸಿದಾಗ, ಚಹಾಪುಡಿ ನಮಗೇ ಬೇಕಿತ್ತು ಎಂಬ ಸಮಜಾಯಿಷಿ ಸಿಕ್ಕಿತು.

6. ತದನಂತರ ಎರಡು ಬೆಡ್‌ರೂಮುಗಳೂ ಅಡುಗೆಮನೆಯೂ ಸೇರಿ ಒಂದು ಒಕ್ಕೂಟವಾಗಿವೆ. ಹಾಲ್ ಮಾತ್ರ ತಮ್ಮ ಆಡಳಿತದಲ್ಲಿ ಉಳಿದಿದ್ದು, ಅರ್ಜಿದಾರನು ಅದರ ಗವರ್ನರನಾಗಿ ಸೋಫಾದ ಮೇಲೆ ದಿನ ದೂಡುತ್ತಿದ್ದಾನೆ. ಚಹಾ ಬೇಕಾದರೆ ಮೂಲೆಯ ಕೆಫೆಟೇರಿಯಾಕ್ಕೆ ಹೋಗಬೇಕು. ಮೇಲಿನ ಫ್ಲಾಟಿನ ವಸಂತಿಯವರು, ಅವರಿಗೂ ಕಟಪಾಡಿಯಲ್ಲೊಬ್ಬರು ಇಂಥ ಅತ್ತೆ ಇರುವ ಕಾರಣ, ಬಂಡಾಯಗಾರರಿಗೆ ದಿನವೂ ನೀರುದೋಸೆ ಸರಬರಾಜು ಮಾಡುತ್ತಿದ್ದಾರೆ. ಅಮೆರಿಕದವರಿಗೆ ಫ್ರಾನ್ಸ್ ಮಾಡಿದ್ದೂ ಇದನ್ನೇ ಅಂತೆ.

7. ಮುಖ್ಯ ವಿಷಯ ಇನ್ನು ಮುಂದಿದೆ. ತಾಯಿ ಮಗಳು ಈ ಸಲ ವಿಮಾನ ಹತ್ತುವುದಿಲ್ಲ ಎನ್ನುತ್ತಿದ್ದಾರೆ. ಕಂಬಳಿಗಳೊಂದಿಗೆ ಅರ್ಜಿದಾರನೊಬ್ಬನೇ ಬರಬಹುದಂತೆ. ಗಾಬರಿಯಾಗಿ ಅರ್ಜಿದಾರನು ಮಗಳ ಕೋಣೆಯ ಬಾಗಿಲು ತಟ್ಟಿ, "ಅಜ್ಜಿ ಮೇಲೆ ಅಷ್ಟು ಕೋಪವಾ?" ಎಂದು ಕೇಳಿದನು.

"ನೋ ಉಪ್ಪಾ," ಎಂದಳು ಅವಳು ಒಳಗಿನಿಂದಲೇ. "ಐ ಲವ್ ಹರ್. ಬಟ್ ಶಿ ನೆವರ್ ಆಸ್ಕ್ಸ್ ಮಿ. ಅವರಿಗೂ ಅಷ್ಟೇ ಬೇಕಿದ್ದದ್ದು. ಕೇಳಿದ್ರೆ ಸಾಕಿತ್ತು."

ಅವರು ಎಂದರೆ ವಸಾಹತಿನವರು. ತೆರಿಗೆ ದೊಡ್ಡದಿತ್ತೆಂದು ಅವರು ಬಿಟ್ಟುಹೋದದ್ದಲ್ಲ ಎಂಬುದು ಅರ್ಜಿದಾರನಿಗೆ ಆ ಬಾಗಿಲ ಮುಂದೆ ನಿಂತಾಗ ತಿಳಿಯಿತು. ಪಿಯುಸಿಯಲ್ಲಿ ತಿಳಿದಿರಲಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಮುಂದಿನ ಶುಕ್ರವಾರ ಕರೆ ಮಾಡಿದಾಗ ತಾವು ಮೊದಲು ಫೋನನ್ನು ಮಿನ್ಹಾಗೆ ಕೊಡಿಸಿ, "ನೀನು ಎಂತ ತರ್ತೀ?" ಎಂದು ಕೇಳಬೇಕಾಗಿಯೂ, ಜಸೀನಾಳ ಉಮ್ಮನ ಚಪ್ಪಲಿಗೆ ಖಾಯಂ ಜಾಗ ಮಂಜೂರು ಮಾಡಬೇಕಾಗಿಯೂ ಪ್ರಾರ್ಥನೆ. ಕಂಬಳಿಗಳಲ್ಲಿ ಒಂದನ್ನು ಅರ್ಜಿದಾರನು ಮೈಗೆ ಸುತ್ತಿಕೊಂಡೇ ವಿಮಾನ ಹತ್ತಲು ಸಿದ್ಧನಿದ್ದಾನೆ. ಜುಲೈ ತಿಂಗಳಾದರೂ ಚಿಂತೆಯಿಲ್ಲ.

ಇಂತು,
ತಮ್ಮ ವಿಧೇಯ ಮಗನೂ ಸೋಫಾ ಪ್ರಾಂತ್ಯದ ಗವರ್ನರನೂ ಆದ
ಅದ್ದು

ಲಗತ್ತುಗಳು:
1. ಹಡಗಿನ ಫೋಟೋ (ತೇಲುವುದಕ್ಕೆ ಮುಂಚಿನದು)
2. ಬಾತ್‌ಟಬ್ಬಿನ ಫೋಟೋ
3. ಕಪಾಟಿನಲ್ಲಿರುವ ಚಪ್ಪಲಿಗಳ ಫೋಟೋ, ಒಂದೇ ಫ್ರೇಮಿನಲ್ಲಿ ಹಿಡಿಸಲಿಲ್ಲ

ವಿಶೇಷ ಸೂಚನೆ: ಬೇರೆ ದೇಶ ಎಂದು ಸಾರುವ ಮೊದಲು ವಸಾಹತಿನವರು ಹಡಗಿನಲ್ಲಿ ರಾಜನಿಗೆ ಒಂದು ವಿನಯದ ಅರ್ಜಿ ಕಳುಹಿಸಿದ್ದರಂತೆ. ನಾವು ಈಗಲೂ ನಿಮ್ಮವರೇ ಎಂದು ಬರೆದಿದ್ದರಂತೆ. ರಾಜ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಪ್ರಾಜೆಕ್ಟಿನ ಕೊನೇ ಪುಟದಲ್ಲಿದೆ. ಆದ ಕಾರಣ ತಾವು ಇದನ್ನು ಕನ್ನಡಕ ಹಾಕಿಕೊಂಡು ಸ್ವತಃ ಓದಬೇಕು. ನಾಲ್ಕನೇ ಅಂಶದ ದೆಸೆಯಿಂದ ಅಬೂಬಕ್ಕರರ ಕೈಯಲ್ಲಿ ಓದಿಸಬಾರದು. ಮಂಜೂರಾತಿ ನಿಧಾನವಾದರೂ ಪರವಾಗಿಲ್ಲ. ಈ ಮೆಸೇಜಿನ ಕೆಳಗೆ, ತಾವು ಓದಿದಿರೆಂದು ತೋರಿಸುವ ಎರಡು ನೀಲಿ ಟಿಕ್‌ಗಳು ಬರುವುದನ್ನೇ ಕಾಯುತ್ತ ಮಿನ್ಹಾ ಕೋಣೆಯಿಂದ ಹೊರಗೆ ಬಂದು ಅರ್ಜಿದಾರನ ಪಕ್ಕ ಸೋಫಾದ ಮೇಲೆ ಕೂತಿದ್ದಾಳೆ. ದಯವಿಟ್ಟು ತೆರೆಯುವುದು.