ಮೊಮ್ಮಗಳು ಸಾಕಿದ ಇಗ್ವಾನಾ

ಇನ್ನೊಬ್ಬರ ಮನೆಯಲ್ಲಿ ಏನಾದರೂ ನಡೆದರೆ ನಾನೇ ಹೋಗಿ ವಿಚಾರಿಸಿಕೊಂಡು ಬರಬೇಕು. ನಮ್ಮ ಮನೆಯಲ್ಲಿ ನಡೆಯುವುದು ಮಾತ್ರ ಕರೆಯದೆಯೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಬ್ಯಾಂಕಿನಲ್ಲಿರುವ ಮಗನಿಗೆ ವರ್ಗವಾದಲ್ಲೆಲ್ಲ ಅವನ ಹಿಂದೆ ತಿಪಟೂರಿಂದ ವಿಜಯವಾಡದವರೆಗೆ ಬಂದಿದ್ದೇನೆ, ಒಂದು ಊರಲ್ಲೂ ಇದು ತಪ್ಪಿಲ್ಲ. ಈ ಸಲದ್ದು ಮೊಮ್ಮಗಳ ಪಾಲಿನದು.

೧. ಬೀರುವಿನೊಳಗಿನವನು

ಮೊಮ್ಮಗಳಿಗೆ ವಿಶಾಖಪಟ್ಟಣದಲ್ಲಿ ಔಷಧಿ ಕಂಪನಿಯ ಕೆಲಸ. ಮಧುರವಾಡದಲ್ಲಿ ಒಬ್ಬಳೇ ಮನೆ ಹಿಡಿದಳು. ಒಂದು ದಿನ ವಿಡಿಯೋ ಕಾಲ್‌ನಲ್ಲಿ ನೋಡುತ್ತೇನೆ, ಅವಳ ಬೆನ್ನ ಹಿಂದೆ ಆಳೆತ್ತರದ ಹೊಸ ಬೀರು, ಅದಕ್ಕೆ ಬಡಗಿ ಬಾಗಿಲು ಕೂರಿಸುತ್ತಿದ್ದಾನೆ.

"ಏನೇ ಅದು?"

"ಏನಿಲ್ಲ ಅಜ್ಜಿ, ಆಮೇಲೆ ಹೇಳ್ತೀನಿ."

ಏನಿಲ್ಲ ಅಂದರೆ ಏನೋ ಇದೆ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. ಹುಡುಗಿ ಯಾರನ್ನೋ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ ಅಂತ ಅಕ್ಕಪಕ್ಕದ ಐದು ಮನೆಗೆ ಹೇಳಿ, ಮಾರನೆ ದಿನವೇ ರೈಲು ಹತ್ತಿದೆ.

ಹೋಗಿ ನೋಡಿದರೆ ಅವಳಿಗೆ ಮಲಗಲು ಒಂದು ಚಾಪೆ. ಬೀರುವಿನೊಳಗೆ ಮಾತ್ರ ಮೈ ಕಾಯಿಸಿಕೊಳ್ಳುವುದಕ್ಕೆ ಒಂದು ದೀಪ, ಬಿಸಿಲಿನ ಸತ್ವಕ್ಕೆ ಇನ್ನೊಂದು ದೀಪ, ಹತ್ತಿ ಕೂರಲು ಮಾವಿನ ಕೊಂಬೆ, ಸೆಕೆ ಎಷ್ಟಿದೆ ಅಂತ ತೋರಿಸುವ ಮೀಟರು. ಗಂಟೆಗೊಂದು ಸಲ ತುಂತುರು ನೀರು ಬೇರೆ. ಹೊಸ ಅಳಿಯನಿಗೂ ಯಾರೂ ಇಷ್ಟು ಉಪಚಾರ ಮಾಡುವುದಿಲ್ಲ. ಕೊಂಬೆಯ ಮೇಲೆ ಹಸಿರು ಬಣ್ಣದ, ಗಂಟಲ ಕೆಳಗೆ ಚರ್ಮ ಜೋಲುವ, ಬಾಲ ಸೇರಿ ನಾಲ್ಕಡಿ ಉದ್ದದ ಒಂದು ಓತಿಕ್ಯಾತ.

"ಇಗ್ವಾನಾ ಅಜ್ಜಿ. ಎಲ್ಲಾ ಕಾಗದಪತ್ರ ಇದೆ."

ಐದು ಮನೆಗೂ ಮತ್ತೆ ಫೋನ್ ಮಾಡಿ, ಗಂಡಸಲ್ಲವಂತೆ, ಓತಿಕ್ಯಾತವಂತೆ ಅಂದೆ. ಮೂರು ಮನೆಯವರು ಗಂಡಸೇ ಆಗಿದ್ದರೆ ವಾಸಿಯಿತ್ತು ಅಂದರು.

೨. ಅಪ್ಪಟ ಸಸ್ಯಾಹಾರಿ

ಕೆಳಗಿನ ಮನೆಯಲ್ಲಿ ಓನರಮ್ಮ. ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಅನ್ನುವುದು ಅವರ ಕರಾರು. ಮೇಲೆ ಉಡ ಸಾಕಿದ್ದಾರೆ, ಅದಕ್ಕೆ ಕೋಳಿ ಹಾಕುತ್ತಾರೆ ಅಂತ ವಾಚ್‌ಮನ್ ಅವರ ಕಿವಿಯಲ್ಲಿ ಊದಿದ್ದ. ಮೂಗು ಮುಚ್ಚಿಕೊಂಡೇ ಮೇಲೆ ಬಂದರು.

"ಅಮ್ಮಾಯಿ, ಇದು ಏನು ತಿನ್ನುತ್ತದೆ?"

ಮೊಮ್ಮಗಳು ತಟ್ಟೆ ತೋರಿಸಿದಳು. ನುಗ್ಗೆಸೊಪ್ಪು, ಸಿಹಿಗುಂಬಳದ ತುರಿ, ಮೇಲೆ ಎರಡು ದಾಸವಾಳ. ಈರುಳ್ಳಿ ಬೆಳ್ಳುಳ್ಳಿಯ ಸೋಂಕಿಲ್ಲ. ಓನರಮ್ಮನ ಕೈ ಮೂಗಿನಿಂದ ಇಳಿಯಿತು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

"ಇಡೀ ಕಟ್ಟಡಕ್ಕೆ ಅಪ್ಪಟ ಸಸ್ಯಾಹಾರಿ ಅಂದರೆ ಇದೊಂದೇ ತಾಯಿ," ಅಂದೆ. "ಭಾನುವಾರ ನಾವು ಭೀಮುನಿಪಟ್ಟಣಕ್ಕೆ ಹೋಗಿದ್ದಾಗ ನಿಮ್ಮ ಯಜಮಾನರು ಸಮುದ್ರದ ದಂಡೆಯಲ್ಲಿ ಮೀನು ಹುರಿಯುವ ಗಾಡಿಯ ಹತ್ತಿರ ತಟ್ಟೆ ಹಿಡಿದು ನಿಂತಿದ್ದರಲ್ಲ."

ಓನರಮ್ಮ ಕೆಂಪಗಾದರು. "ಶುಕ್ರವಾರದೊಳಗೆ ಆ ಪ್ರಾಣಿ ಹೋಗಬೇಕು. ಇಲ್ಲ ನೀವು ಹೋಗಬೇಕು."

ಅವರು ಇಳಿದು ಹೋದ ಮೇಲೆ ಮೊಮ್ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಎಂಟು ಮನೆ ಸುತ್ತಿದ ಮೇಲೆ ಸಿಕ್ಕಿದ ಮನೆ ಅಜ್ಜಿ. ಇದನ್ನ ಎಲ್ಲಿಗೆ ಕಳಿಸಲಿ?"

"ಇದನ್ನ ಯಾಕೆ ಕಳಿಸ್ತೀಯ?" ಅಂದೆ. "ಮೀನು ತಿಂದಿದ್ದು ಇದಲ್ಲವಲ್ಲ."

೩. ತಲೆದೂಗುವವನು

ಮೊಮ್ಮಗಳು ಕೆಲಸಕ್ಕೆ ಹೋದಾಗ ಅದರ ಸ್ನಾನ ನನ್ನ ಪಾಲಿಗೆ. ಉಗುರು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಬಿಟ್ಟರೆ ಮೊದಲು ಅಲ್ಲೇ ಹೊಟ್ಟೆ ಖಾಲಿ ಮಾಡುತ್ತದೆ, ಆಮೇಲೆ ರಾಜನ ಹಾಗೆ ಕೂರುತ್ತದೆ. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕಟ್ಟಡದ ಸುದ್ದಿಯೆಲ್ಲ ಹೇಳುತ್ತಿದ್ದೆ. ಎರಡನೇ ಮಹಡಿಯ ಗಂಡ ಹೆಂಡತಿ ಬೇರೆ ಬೇರೆ ಗ್ಯಾಸ್ ತರಿಸುತ್ತಾರೆ ಅಂದರೆ ತಲೆ ಆಡಿಸಿತು. ವಾಚ್‌ಮನ್‌ಗೆ ಎರಡು ಸಂಸಾರ ಅಂದರೆ ಇನ್ನೂ ಜೋರಾಗಿ ಆಡಿಸಿತು. ಎಪ್ಪತ್ತು ವರ್ಷದಲ್ಲಿ ನನ್ನ ಮಾತಿಗೆ ಇಷ್ಟು ತಲೆದೂಗಿದವರು ಯಾರೂ ಇಲ್ಲ, ನಮ್ಮ ಯಜಮಾನರೂ ಸೇರಿ.

ಸಂಜೆ ಹೆಮ್ಮೆಯಿಂದ ಮೊಮ್ಮಗಳಿಗೆ ಹೇಳಿದೆ.

"ಅದು ಒಪ್ಪಿಗೆಯಲ್ಲ ಅಜ್ಜಿ," ಅಂದಳು. "ಇದು ನನ್ನ ಜಾಗ, ಎದ್ದು ಹೋಗು ಅಂತ ಅರ್ಥ."

೪. ಶುಕ್ರವಾರದ ಫಲ

ಶುಕ್ರವಾರ ಬೆಳಗ್ಗೆ ಓನರಮ್ಮ ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು ಬಂದು ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕೂತರು. "ಎಲ್ಲಿ, ಹೋಯಿತಾ?"

ಹೋಗಿರಲಿಲ್ಲ. ಅವರ ತಲೆಯ ಮೇಲಿದ್ದ ಪರದೆಯ ಕಂಬಿಯಲ್ಲಿ ಬಿಸಿಲು ಕಾಯುತ್ತಿತ್ತು. ಹೂವು ಕಂಡಿದ್ದೇ ಪರದೆ ಹಿಡಿದು ಇಳಿದು ಅವರ ಬೆನ್ನು ಹತ್ತಿ, ನೆತ್ತಿಯ ಮೇಲೆ ಗಲ್ಲ ಊರಿ ಮಲ್ಲಿಗೆ ಮೆಲ್ಲತೊಡಗಿತು.

ಬೇರೆಯವರಾಗಿದ್ದರೆ ಕಿರುಚುತ್ತಿದ್ದರು. ಓನರಮ್ಮ ಕುತ್ತಿಗೆ ಅಲ್ಲಾಡಿಸದೆ ಪುರೋಹಿತರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಬಿತ್ತೋ, ಹತ್ತಿತೋ?" ಅಂದರು ಪುರೋಹಿತರು. ಹಲ್ಲಿ ಮೈಮೇಲೆ ಬಿದ್ದರೆ ಒಂದು ಫಲ, ಓತಿಕ್ಯಾತ ಹತ್ತಿದರೆ ಇನ್ನೊಂದು. ಪಂಚಾಂಗದಲ್ಲಿ ಎರಡಕ್ಕೂ ಬೇರೆ ಬೇರೆ ಪಟ್ಟಿ.

"ಹತ್ತಿತು."

"ಎಲ್ಲಿ?"

"ನೆತ್ತಿಯಿಂದ ಸೊಂಟದವರೆಗೆ ಇದೆ ಸ್ವಾಮಿ," ಅಂತ ನಾನು ಹೇಳಿದೆ. "ಬಾಲ ಇನ್ನೂ ಕುರ್ಚಿಯ ಮೇಲಿದೆ."

ಪುರೋಹಿತರು ಹಾಳೆ ಮಗುಚುವ ಸದ್ದು ಕೇಳಿತು. "ಅಷ್ಟುದ್ದದ್ದಕ್ಕೆ ಪಂಚಾಂಗ ಬರೆದಿಲ್ಲಮ್ಮ. ಮುಖ ಎಲ್ಲಿದೆಯೋ ಅದೇ ಫಲ ಅಂತ ಇಟ್ಟುಕೊಳ್ಳಿ. ನೆತ್ತಿಗೆ ಕಲಹ."

"ಬಲಭುಜಕ್ಕೆ?" ಅಂದರು ಓನರಮ್ಮ.

"ಜಯ."

ಭೀಮುನಿಪಟ್ಟಣದ ಮನೆಗಾಗಿ ಓನರಮ್ಮನಿಗೂ ನಾದಿನಿಗೂ ಕೋರ್ಟಿನಲ್ಲಿ ಜಗಳ, ಸೋಮವಾರ ತೀರ್ಪು. ಮೆಲ್ಲಗೆ ಕಣ್ಣು ಮಾತ್ರ ತಿರುಗಿಸಿದರು. "ಅಮ್ಮಾಯಿ, ಅದನ್ನು ಸ್ವಲ್ಪ ಬಲಕ್ಕೆ ಸರಿಸು."

"ಸರಿಸ್ತೀನಿ ಆಂಟಿ. ಆದರೆ ಇವತ್ತು ಇದನ್ನ ಕಳಿಸಬೇಕಲ್ಲ."

"ಸೋಮವಾರದವರೆಗೆ ಇರಲಿ."

"ನಿಮ್ಮ ನಾದಿನಿ ಅಪೀಲಿಗೆ ಹೋದರೆ?" ಅಂದೆ ನಾನು.

ಓನರಮ್ಮ ಯೋಚಿಸಿದರು. "ಹಾಗಾದರೆ ಇಲ್ಲೇ ಇರಲಿ."

ಮೊಮ್ಮಗಳು ಅದರ ಮುಖವನ್ನು ಬಲಭುಜಕ್ಕೆ ತಿರುಗಿಸಿದಳು. ಫೋನು ಇನ್ನೂ ಇಟ್ಟಿರಲಿಲ್ಲವಲ್ಲ, ನಾನೂ ಒಂದು ಮಾತು ಕೇಳಿದೆ. "ಪಾದದ ಮೇಲೆ ಹತ್ತಿದರೆ ಏನು ಸ್ವಾಮಿ?"

"ಪ್ರಯಾಣ."

ಮಾರನೆ ದಿನ ಬೆಳಗ್ಗೆ ಕಾಲು ಚಾಚಿಕೊಂಡು ಕಾಫಿ ಕುಡಿಯುತ್ತಿದ್ದೆ. ಮೊಮ್ಮಗಳು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು, ಮುಖ ಎತ್ತ ಇದೆ ಅಂತ ಎರಡು ಸಲ ನೋಡಿ, ನನ್ನ ಪಾದಗಳ ಮೇಲೆ ಮಲಗಿಸಿದಳು.

"ಶಾಸ್ತ್ರ ಸುಳ್ಳಾಗಬಾರದು ಅಜ್ಜಿ," ಅಂದಳು.

ಶಾಸ್ತ್ರ ಎಲ್ಲಿ ಸುಳ್ಳಾಗುತ್ತದೆ. ವಿಜಯವಾಡದ ಟಿಕೇಟನ್ನು ಅವಳು ಹಿಂದಿನ ದಿನವೇ ಮಾಡಿಸಿಟ್ಟಿದ್ದಳು.