ಮಾವನ ಜೋಡೆತ್ತಿನ ಇಂಗ್ಲಿಷ್

ನಮ್ಮ ಸೋದರಮಾವ ಇಡೀ ಜೀವಮಾನದಲ್ಲಿ ಒಂದೇ ಒಂದು ಇಂಗ್ಲಿಷ್ ವಿಶೇಷಣವನ್ನೂ ಒಂಟಿಯಾಗಿ ಮನೆಯಿಂದ ಹೊರಗೆ ಕಳಿಸಿದವರಲ್ಲ ಅಂದರೆ ನೀವು ನಂಬಬೇಕು. ಹೆಣ್ಣುಮಕ್ಕಳನ್ನು ಜೊತೆಯಿಲ್ಲದೆ ಸಿನಿಮಾಕ್ಕೆ ಕಳಿಸದ ತಂದೆಯರ ಹಾಗೆ! ‘ಕೈಂಡ್’ ಎಂಬ ಪದ ಹೊರಟಿತೋ, ಹಿಂದೆಯೇ ‘ಸಿಂಪಥೆಟಿಕ್’ ಹೊರಡಬೇಕು. ‘ಅರ್ಜೆಂಟ್’ ಒಂದೇ ಹೋದರೆ ಯಾರು ಕೇಳುತ್ತಾರೆ? ಪಕ್ಕದಲ್ಲಿ ‘ಇಂಪಾರ್ಟೆಂಟ್’ ಇದ್ದೇ ತೀರಬೇಕು.

ಗುಬ್ಬಿಯಲ್ಲಿ ಅವರದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್ ಬಂದು ಕೂತವು. ಆದರೆ ಜನ ಬರುತ್ತಿದ್ದುದು ಜೆರಾಕ್ಸಿಗಲ್ಲ, ಅರ್ಜಿಗೆ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಏನು ಬೇಕಾದರೂ, ಅದನ್ನು ಇಂಗ್ಲಿಷಿನಲ್ಲಿ ಬೇಡಿಕೊಳ್ಳಬೇಕಾದರೆ, ಮಾವನ ಮುಂದಿನ ಸ್ಟೂಲಿನ ಮೇಲೆ ಕೂರಲೇಬೇಕು.

“ಯಾಕ್ ಮಾವ ಯಾವಾಗ್ಲೂ ಎರಡೆರಡು?” ಎಂದು ಒಮ್ಮೆ ಕೇಳಿದ್ದೆ.

ಕನ್ನಡಕದ ಮೇಲಿಂದ ನೋಡಿದರು. “ಒಂಟಿ ಎತ್ತಲ್ಲಿ ಹೊಲ ಉತ್ತಿದ್ದು ನೋಡಿದೀಯೇನ್ಲಾ?”

“ಇಲ್ಲ.”

“ಮತ್ತೆ? ಆಫೀಸರ್ ಮನ್ಸು ಗಟ್ಟಿ ನೆಲ ಕಣೋ. ಕನ್ನಡ್ದಲ್ಲಾದ್ರೆ ಪದಗಳು ಹುಟ್ತಾನೇ ಜೋಡಿ. ಗಟ್ಟಿಮುಟ್ಟು, ಸಣ್ಣಪುಟ್ಟ, ಹಳೇಪಳೇ. ಇಂಗ್ಲಿಷ್‌ನೋರು ಪಾಪ ಒಂದೊಂದೇ ಹೆತ್ತವ್ರೆ. ನಾವೇ ಹುಡುಕಿ ಜೊತೆ ಮಾಡ್ಬೇಕು.”

ಅತ್ತೆ ಒಳಗಿಂದಲೇ ಕೂಗಿದರು: “ಮೂವತ್ತು ವರ್ಷ ಆಯ್ತು, ನನ್ನ ಒಂದ್ಸಲ ಚೆನ್ನಾಗಿದೀಯ ಅಂದಿಲ್ಲ. ತಹಶೀಲ್ದಾರ್ರಿಗೆ ಮಾತ್ರ ಕೈಂಡ್ ಅಂತೆ, ಸಿಂಪಥೆಟಿಕ್ ಅಂತೆ!”

ಈ ಜೋಡೆತ್ತುಗಳ ತುಳಿತಕ್ಕೆ ಮೊದಲು ಸಿಕ್ಕವನು ನಾನೇ. ಆಗ ಏಳನೇ ಕ್ಲಾಸು. ಹಿಂದಿನ ದಿನ ಹಲಸಿನ ತೊಳೆ ತಿನ್ನುವುದರಲ್ಲಿ ನಾನು ಮಿತಿ ಮೀರಿದ್ದೆ, ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಅಮ್ಮ ತನ್ನ ತಮ್ಮನಿಂದಲೇ, ಅಂದರೆ ಮಾವನಿಂದ, ಒಂದು ರಜಾ ಚೀಟಿ ಬರೆಸಿದಳು. ಮಾವ ಸುಮ್ಮನೆ ಹೊಟ್ಟೆನೋವು ಅಂತ ಬರೆದಾರೆಯೇ? ‘ಸಿವಿಯರ್ ಅಂಡ್ ಅನ್‌ಬೇರಬಲ್ ಪೇನ್’ ಎಂದು ಬರೆದರು. ತೀವ್ರವಾದ, ತಡೆಯಲಾಗದ ನೋವು! ಓದಿದ ಹೆಡ್‌ಮಾಸ್ಟರು ಹೆದರಿ, ಎಳನೀರು, ಬ್ರೆಡ್ಡು ಹಿಡಿದುಕೊಂಡು ಸಂಜೆಯೇ ಮನೆಗೆ ಬಂದುಬಿಟ್ಟರು. ನಾನು ಸೀಬೆಮರದ ತುದಿಯಲ್ಲಿದ್ದೆ.

ಅವರು ಕೆಳಗೆ ನಿಂತು, “ಏನಯ್ಯ, ಅನ್‌ಬೇರಬಲ್ ಎಲ್ಲಿ?” ಎಂದರು.

ನನ್ನ ಬಾಯಲ್ಲಿ ಸೀಬೆಕಾಯಿ. ಅಲ್ಲೇ ಇದ್ದ ಮಾವ ಮಾತ್ರ ಒಂದಿಷ್ಟೂ ಅಳುಕದೆ, “ಈಗ ಟಾಲರಬಲ್ ಅಂಡ್ ಡಿಕ್ಲೈನಿಂಗ್ ಆಗಿದೆ ಸಾರ್” ಎಂದುಬಿಟ್ಟರು. ಅಂದರೆ ನೋವು ತಡೆದುಕೊಳ್ಳಬಹುದಾದಷ್ಟಾಗಿ, ಇಳಿಮುಖವಾಗಿದೆಯಂತೆ! ಎಳನೀರನ್ನು ಹೆಡ್‌ಮಾಸ್ಟರೇ ಕುಡಿದು ಹೋದರು.

ಇನ್ನು ಬೀದಿಯ ನೀರಿನ ಕಥೆ. ಒಂದು ಬೇಸಿಗೆಯಲ್ಲಿ ಮಾವನ ಬೀದಿಗೆ ನೀರು ಬರುವುದೇ ನಿಂತಿತು. ಎಲ್ಲರೂ ಸಹಿ ಹಾಕಿದ ಅರ್ಜಿಯಲ್ಲಿ ಮಾವ ‘ಇಮ್ಮೀಡಿಯಟ್ ಅಂಡ್ ಎವರ್‌ಲಾಸ್ಟಿಂಗ್’ ನೀರು ಕೇಳಿದ್ದರು. ತಕ್ಷಣ ಬರಬೇಕು, ಎಂದೆಂದಿಗೂ ಇರಬೇಕು. ಅರ್ಜಿ ಹೋದ ಮಾರನೇ ದಿನವೇ ಎಲ್ಲೋ ವಾಲ್ವು ಕೆಟ್ಟಿತು ನೋಡಿ, ಮೂರು ದಿನ ನೀರೋ ನೀರು! ರಂಗೋಲಿ ಕೊಚ್ಚಿಹೋಯಿತು, ಒಣಹಾಕಿದ ಹಪ್ಪಳ ತೇಲಿತು, ಎದುರು ಮನೆಯವರ ಎಮ್ಮೆ ಬೀದಿಯಲ್ಲೇ ಮಲಗಿ ಪರಮಸುಖ ಅನುಭವಿಸಿತು. ನಾಲ್ಕನೇ ದಿನ ಅವೇ ಜನ ಸೀರೆ, ಪಂಚೆ ಎತ್ತಿ ಕಟ್ಟಿಕೊಂಡು ಮಾವನ ಮುಂದೆ ನಿಂತರು. “ಸ್ವಾಮಿ, ನಿಮ್ ಕೈಗುಣ ಸಾಕು. ನಿಲ್ಸೋಕೂ ಒಂದ್ ಬರ್ಕೊಡಿ.” ಮಾವ ಬಹಳ ಹೆಮ್ಮೆಯಿಂದ ಕೂತರು. “ಜೋಡಿ ಕೆಲ್ಸ ಮಾಡ್ತು ನೋಡ್ದ್ಯಾ?” ಎಂದು ನನಗೆ ಕಣ್ಣು ಬೇರೆ ಹೊಡೆದರು!

ನನ್ನ ಮದುವೆಯ ವಿಷಯಕ್ಕೆ ಬಂದರೆ, ಅದು ನಡೆದದ್ದೇ ಪವಾಡ. ನನ್ನ ಬಯೋಡೇಟಾ ಟೈಪು ಮಾಡುವ ಹೊಣೆ ಮಾವನದ್ದು. ಕುಣಿಗಲ್ಲಿನ ಒಂದು ಮನೆಗೆ ಅದು ಹೋಯಿತು. ವಾರದ ನಂತರ ಹುಡುಗಿಯ ತಂದೆ ಅಪ್ಪನಿಗೆ ಫೋನು ಮಾಡಿದರು. ತುಂಬಾ ಹೊತ್ತು ಮಳೆ, ರಾಗಿ, ಮೊಣಕಾಲು ನೋವು ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು.

“ಬೀಗ್ರೇ, ತಪ್ಪು ತಿಳ್ಕೋಬೇಡಿ. ಹುಡುಗ ‘ಹಂಬಲ್ ಅಂಡ್ ಹಾರ್ಮ್‌ಲೆಸ್’ ಅಂತ ಬರ್ದಿದೀರಿ. ಹಂಬಲ್ ಸರಿ, ವಿನಯವಂತ. ಹಾರ್ಮ್‌ಲೆಸ್ ಅಂದ್ರೆ ಅಪಾಯ ಇಲ್ಲ ಅಂತಲ್ವಾ? ಅಂದ್ರೆ… ಮುಂಚೆ ಇತ್ತಾ?”

ಅಪ್ಪ ಫೋನನ್ನು ನೇರ ನನ್ನ ಕೈಗೆ ಕೊಟ್ಟುಬಿಟ್ಟರು. ನಾನು ಏನು ಹೇಳಲಿ? ಇಂಥ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಅನುಮಾನ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಆ ಹುಡುಗಿ ಇವತ್ತು ನನ್ನ ಹೆಂಡತಿ. ನಾನು ಒಲೆಯ ಮೇಲಿನ ಹಾಲು ಉಕ್ಕಿಸಿ ಚೆಲ್ಲಿದಾಗ, ಬಾಗಿಲಿಗೆ ಬೀಗ ಹಾಕುವುದು ಮರೆತಾಗ, “ಅಪಾಯ ಇಲ್ಲ ಅಂತ ಟೈಪ್ ಮಾಡ್ಸಿ ಕೊಟ್ಟಿದ್ರು, ನಂಬ್ಬಿಟ್ವಿ” ಎನ್ನುತ್ತಾಳೆ.

ಹೋದ ವರ್ಷ ನಾವಿಬ್ಬರೂ ತುಮಕೂರಿನಿಂದ ಗುಬ್ಬಿಗೆ, ಸೋದರಮಾವನ ಮನೆಗೆ ಹೋಗಿದ್ದೆವು. ಶನಿವಾರ ಬೆಳಿಗ್ಗೆ ನಾನು ಮಾವನ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂತಿದ್ದಾಗ ಒಬ್ಬಳು ಹುಡುಗಿ ಬಂದಳು. ಸಿ.ಎಸ್. ಪುರದವಳು, ತುಮಕೂರಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡ ಅಪ್ಪನ ಜೊತೆ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳಂತೆ. ತಾಯಿ ಇಲ್ಲ. ಹಾಜರಿ ಸಾಲದು ಅಂತ ಹಾಲ್ ಟಿಕೆಟ್ ತಡೆಹಿಡಿದಿದ್ದರು. ಸೋಮವಾರ ಪರೀಕ್ಷೆ. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬೇಕು.

ಮಾವ ಬೆರಳ ನೆಟಿಗೆ ಮುರಿದುಕೊಂಡು ಶುರುಮಾಡಿದರು. ಒಂದು ಪುಟ ಸರಸರನೆ ತುಂಬಿತು. ಹುಡುಗಿ ಎದ್ದು ನಿಂತು ಕಂಪ್ಯೂಟರ್ ಪರದೆ ಓದಿದಳು.

“ಸಾರ್, ಈ ‘ಪೂರ್ ಅಂಡ್ ಹೆಲ್ಪ್‌ಲೆಸ್’ ಅನ್ನೋದು ಬೇಡ ಸಾರ್.”

ಮಾವನಿಗೆ ಇಂಥ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. “ಯಾಕಮ್ಮ? ಬಡವಳು, ಅಸಹಾಯಕಳು ಅಂದ್ರೇನೇ ಕರಗೋದು ಅವ್ರು.”

“ಅಪ್ಪನ್ನ ಎತ್ತಿ ಕೂರ್ಸಿದ್ದು, ಮೈ ತೊಳ್ಸಿದ್ದು, ಡಾಕ್ಟ್ರತ್ರ ಜಗಳ ಆಡಿದ್ದು ಎಲ್ಲಾ ನಾನೇ ಸಾರ್. ಎರಡು ತಿಂಗ್ಳು ಹೆಲ್ಪ್ ಮಾಡಿರೋಳು ನಾನು. ನಾನ್ ಹೆಂಗ್ ಸಾರ್ ಹೆಲ್ಪ್‌ಲೆಸ್ ಆಗ್ತೀನಿ?”

ಮಾವ ಆ ಪದ ಅಳಿಸಿದರು. “ಪೂರ್ ಅಂಡ್ ಆನೆಸ್ಟ್?” ಎಂದರು, ಅಂಗಡಿಯವನು ಇನ್ನೊಂದು ಸೀರೆ ಬಿಚ್ಚಿ ತೋರಿಸುವ ಹಾಗೆ.

“ಪೂರೂ ಬೇಡ ಸಾರ್. ಬಡವ್ರು ಅಂತ ನಾನೇನ್ ಕೇಳ್ತಿಲ್ಲ. ಅಪ್ಪ ಬಿದ್ರು, ನೋಡ್ಕೊಳ್ಳೋರಿರ್ಲಿಲ್ಲ, ಕಾಲೇಜಿಗೆ ಬರಕ್ಕಾಗ್ಲಿಲ್ಲ. ಇರೋದ್ ಅಷ್ಟೇ. ಅಷ್ಟೇ ಬರೀರಿ.”

ಕೊನೆಗೆ ಅರ್ಜಿ ನಾಲ್ಕೇ ಸಾಲಿನದಾಯಿತು. ಒಂದೂ ವಿಶೇಷಣವಿಲ್ಲ! ಪ್ರಿಂಟ್ ಆಗಿ ಹೊರಬಂದ ಹಾಳೆಯಲ್ಲಿ ಮುಕ್ಕಾಲು ಪಾಲು ಖಾಲಿ. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೈಮೇಲೆ ಬಟ್ಟೆಯಿಲ್ಲದ ಕೂಸನ್ನು ನೋಡಿದ ಹಾಗೆ. ಆಮೇಲೆ ಎದ್ದು ಅಂಗಡಿಯ ಬಾಗಿಲು ಎಳೆದರು.

“ಇದೊಂದನ್ನೇ ಕಳ್ಸಿದ್ರೆ ಬಾಗ್ಲಲ್ಲೇ ನಿಲ್ಲಿಸ್ತಾರೆ. ನಡಿಯಮ್ಮ, ನಾನೂ ಬರ್ತೀನಿ. ನೀನೂ ಬಾರೋ.”

ಮೂವರೂ ತುಮಕೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾವನ ತುಟಿ ಅಲುಗಾಡುತ್ತಿತ್ತು. ಪ್ರಿನ್ಸಿಪಾಲರ ಮುಂದೆ ಆಡಬೇಕಾದ ಇಂಗ್ಲಿಷನ್ನು ಉರು ಹೊಡೆಯುತ್ತಿದ್ದರು.

ಪ್ರಿನ್ಸಿಪಾಲರು ಕಾಗದ ಓದಿದರು, ಆಸ್ಪತ್ರೆಯ ಚೀಟಿ ತಿರುವಿದರು. ಆಮೇಲೆ ತಲೆಯೆತ್ತಿ ಮಾವನನ್ನು ಕೇಳಿದರು: “ತಾವು ಹುಡುಗಿಗೆ ಏನಾಗಬೇಕು?”

ಮಾವ ಎದ್ದು ನಿಂತರು. “ಸರ್, ಯುವರ್ ಕೈಂಡ್…” ಎಂದರು. ಅಲ್ಲಿಗೇ ನಿಂತರು. ಸಾವಿರಾರು ಅರ್ಜಿ ಬರೆದ ಮನುಷ್ಯನಿಗೆ ಮುಂದಿನ ಪದ ಬರಲೇ ಇಲ್ಲ! ನಾನು ‘ಸಿಂಪಥೆಟಿಕ್’ ಎಂದು ಪಿಸುಗುಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಎರಡೂ ಕೈ ಜೋಡಿಸಿದರು.

“ನಾನು ಏನೂ ಆಗಬೇಕಾಗಿಲ್ಲ ಸಾರ್. ಈ ಮಗು ಪರೀಕ್ಷೆ ಬರೀಲಿ ಸಾರ್.”

ಅಷ್ಟೇ.

ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕಾಯಿಸಿದರು. ಪ್ರಿನ್ಸಿಪಾಲರು ಯಾರಿಗೋ ಫೋನು ಮಾಡಿದರು, ಯಾವುದೋ ರಿಜಿಸ್ಟರು ಒಳಗೆ ಹೋಯಿತು, ಹೊರಗೆ ಬಂತು. ಮಾವ ನೀರೂ ಕುಡಿಯಲಿಲ್ಲ. ಕೊನೆಗೆ ಗುಮಾಸ್ತರು ಹಾಲ್ ಟಿಕೆಟ್ ತಂದುಕೊಟ್ಟರು. ಹುಡುಗಿ ಅಳಲಿಲ್ಲ, ನಗಲಿಲ್ಲ. ಅದರ ಮೇಲಿದ್ದ ತನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡು, “ಸೋಮವಾರ ಹತ್ತಕ್ಕಾ ಸಾರ್, ಹತ್ತೂವರೆಗಾ?” ಎಂದು ಕೇಳಿದಳು.

ವಾಪಸು ಬರುವಾಗ ಗುಬ್ಬಿಯ ಮೇಲೆ ಹೋಗುವ ಸಿ.ಎಸ್. ಪುರದ ಬಸ್ಸೇ ಸಿಕ್ಕಿತು. ಮೂವರ ಸೀಟು. ಕಿಟಕಿಯ ಹತ್ತಿರ ನಾನು, ಮಧ್ಯೆ ಮಾವ, ಆ ಕಡೆ ಹುಡುಗಿ. ತುಮಕೂರು ದಾಟುವ ಮೊದಲೇ ಅವಳಿಗೆ ನಿದ್ದೆ ಬಂತು. ಎಷ್ಟು ದಿನದ ನಿದ್ದೆಯೋ! ತಲೆ ಮೆಲ್ಲಗೆ ವಾಲಿ ಮಾವನ ಭುಜದ ಮೇಲೆ ಬಂದು ನಿಂತಿತು. ಮಾವ ಕಲ್ಲಿನ ಹಾಗೆ ಕೂತರು. ಹಂಪು ಬಂದಾಗಲೆಲ್ಲ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದು ಭುಜ ಅಲುಗದಂತೆ ನೋಡಿಕೊಂಡರು.

ಗುಬ್ಬಿ ಬಂತು. “ಮಾವ, ಇಳೀರಿ” ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಗದರುವಂತೆ ನೋಡಿದರು.

ಕಂಡಕ್ಟರು ಬಂದು, “ಯಜಮಾನ್ರೇ, ಗುಬ್ಬಿಗಲ್ವಾ ನೀವ್ ತಗೊಂಡಿದ್ದು?” ಎಂದ.

ಮಾವ ಅಲುಗಾಡದೆ, ಎಡಗೈಯಿಂದ ಜೇಬು ತಡಕುತ್ತಾ, ಪಿಸುದನಿಯಲ್ಲಿ ಹೇಳಿದರು:

“ನಮ್ಮಿಬ್ರಿಗೂ ಸಿ.ಎಸ್. ಪುರಕ್ಕೆ ಎರಡು ಕೊಡಪ್ಪ. ಮೆತ್ತಗ್ ಮಾತಾಡು, ಮಗು ಮಲ್ಗೈತೆ.”