ಮೊಳೆ ತಪ್ಪಿಸಿ ಕೊಯ್ಯುವ ಮೇಸ್ತ್ರಿ

ಯಲಹಂಕದ ಹತ್ತಿರ ಮರದ ಮಿಲ್ಲೊಂದರಲ್ಲಿ ಅಳತೆ ಬರೆಯುವ ಕೆಲಸ ನನ್ನದು. ಇಲ್ಲಿಗೆ ಬರುವವರು ದಿಮ್ಮಿಯ ಜೊತೆಗೆ ಏನಾದರೊಂದು ಪೇಚಾಟವನ್ನೂ ಹೇರಿಕೊಂಡೇ ಬರುತ್ತಾರೆ. ಅದನ್ನು ಬಿಡಿಸುವವರು ಗದಗದ ಕಡೆಯ ನಮ್ಮ ಮೇಸ್ತ್ರಿ. ಅವರ ಕೈಗೆ ನಾನಂತೂ ಶರಣು.

ತಿರುವು

ನಮ್ಮ ಬ್ಯಾಂಡ್‌ಸಾ ಅಂದರೆ ಮೇಲೊಂದು ಕೆಳಗೊಂದು ಚಕ್ರ, ಎರಡಕ್ಕೂ ಸುತ್ತಿದ ಹಲ್ಲಿನ ಉಕ್ಕಿನ ಪಟ್ಟಿ. ಪಟ್ಟಿ ಒಂದೇ ಸಮನೆ ಕೆಳಕ್ಕೆ ಓಡುತ್ತಾ, ಮರವನ್ನು ಮೇಜಿಗೆ ಒತ್ತಿಕೊಂಡೇ ಸೀಳುತ್ತದೆ. ಒಬ್ಬ ಯುವಕ ತಡವಾಗಿ ಓಡಿಬಂದು, ಇದರಲ್ಲೇ ಹೃದಯದ ಆಕಾರದ ಮಣೆ ಕೊಯ್ದುಕೊಡಿ ಅಂದ.

"ಇದು ಅಗಲ ಪಟ್ಟಿ, ನೆಟ್ಟಗ ಹೋಗೋದಷ್ಟ ಗೊತ್ತು. ತಿರುವಿಗೆ ಸಣ್ಣ ಪಟ್ಟಿ ಬೇಕ್ರಿ," ಅಂದರು ಮೇಸ್ತ್ರಿ. "ಲಾರಿ ಎಲ್ಯಾರ ನಿಂತಲ್ಲೇ ಯೂ-ಟರ್ನ್ ಹೊಡಿತೈತೇನು?"

"ಹೆಬ್ಬಾಳದಲ್ಲಿ ಹೊಡೀತಿತ್ತು ಗುರು. ಅದಕ್ಕೇ ನಾನು ಲೇಟು!"

ಶ್ರುತಿ

ಪಟ್ಟಿ ಸಡಿಲವಾದರೆ ಹಲಗೆ ಸೊಟ್ಟಗಾಗುತ್ತದೆ. ಮಷೀನು ನಿಲ್ಲಿಸಿ, ಪಟ್ಟಿಯನ್ನು ಬೆರಳಲ್ಲಿ ಮೀಟಿ, ಸದ್ದಿನಲ್ಲೇ ಬಿಗಿ ಅಳೆಯುತ್ತಾರೆ ಮೇಸ್ತ್ರಿ. ಒಮ್ಮೆ ಹಲಗೆಗೆ ಬಂದಿದ್ದ ಗಂಗಾನಗರದ ಸಂಗೀತದ ಮೇಡಂ ಕಿವಿಗೊಟ್ಟು, "ಶ್ರುತಿ ಸ್ವಲ್ಪ ಇಳಿದಿದೆ ಕಣ್ರೀ" ಅಂದರು. ಮೇಸ್ತ್ರಿ ಇನ್ನೊಂದು ಸುತ್ತು ಬಿಗಿದರು, ಹಲಗೆ ದಾರ ಹಿಡಿದ ಹಾಗೆ ನೇರ ಬಂತು. ಈಗ ಹೊಸ ಪಟ್ಟಿ ಹಾಕಿದಾಗಲೆಲ್ಲ ಮೇಡಂಗೆ ಫೋನು ಹಚ್ಚಿ ಪಟ್ಟಿಯ ಪಕ್ಕ ಹಿಡಿಯುತ್ತಾರೆ. ಹೋದ ವಾರ ಪಾಠದ ಮಧ್ಯೆ ಫೋನು ಹೋಗಿ, ಹತ್ತು ಮಕ್ಕಳು ಅದೇ ಶ್ರುತಿಗೆ ಗೀತೆ ಎತ್ತಿಕೊಂಡವು.

ಮೊಳೆ

ಹುಣಸಮಾರನಹಳ್ಳಿಯ ಯಜಮಾನರೊಬ್ಬರು ಹೆಂಡತಿಯೊಡನೆ ಬಂದರು. ಹೊಸ ಮನೆಯ ಬಾಗಿಲಿಗೆಂದು ಒಣಗಿಸಿಟ್ಟಿದ್ದ ಹಿತ್ತಿಲ ಹಲಸಿನ ದಿಮ್ಮಿ ತಂದಿದ್ದರು. ಮೇಸ್ತ್ರಿ ಎಂದಿನಂತೆ ಅಯಸ್ಕಾಂತ ಹಿಡಿದು ಹುಡುಕಿದರೆ, ತೊಗಟೆಯೊಳಗೆ ಮೊಳೆ! ಅದು ತಗುಲಿದರೆ ಪಟ್ಟಿಯ ಹಲ್ಲೆಲ್ಲ ಹಾರಿಹೋಗುತ್ತವೆ. ಕೀಳಲು ಹೋದರೆ ಯಜಮಾನರು ಅಡ್ಡ ನಿಂತರು.

"ಕೀಳ್ಬೇಡಿ! ನಮ್ಮಜ್ಜಿ ದೆವ್ವ ಕಟ್ಸಿರೋ ಮೊಳೆ ಅದು. ಬಿಟ್ರೆ ಸೀದಾ ಮನೆಗೇ ಬತ್ತದೆ. ಈ ವಾರನೇ ಬಾಗ್ಲಿಡೋ ಮೂರ್ತ, ಇಂಗೆ ಕೈಬಿಟ್ರೆ ಎಂಗೆ?"

ಮೇಸ್ತ್ರಿ ಮೊಳೆಯ ತುದಿ ಎಲ್ಲಿರಬಹುದೆಂದು ಅಂದಾಜು ಮಾಡಿ, ಅದರಾಚೆ ಒಂದು ನೂಲಿನಷ್ಟು ಬಿಟ್ಟು ಪಕ್ಕೆ ಸೀಳಿದರು. ಮೊಳೆ ಅಲ್ಲಾಡಲಿಲ್ಲ, ಒಂದು ಹಲ್ಲೂ ಮುರಿಯಲಿಲ್ಲ. ಬಾಗಿಲಿಗೆ ಬೇಕಾದಷ್ಟು ಮರ ಉಳಿಯಿತು, ಇಟ್ಟಿಗೆಯಷ್ಟು ತುಂಡಿನಲ್ಲಿ ದೆವ್ವ ಭದ್ರವಾಗಿ ಕೈಗೆ ಬಂತು. ಎಂಥ ಕೈ! ಯಜಮಾನರು ಕೈಮುಗಿದೇಬಿಟ್ಟರು.

"ಯಾರ ದೆವ್ವ ಇದು?" ಅಂತ ಕೇಳಿದೆ.

"ನಮ್ಮಜ್ಜಿಯ ಅತ್ತೆದು. ಆವತ್ತಿಂದ ಮನೇಲಿ ನೆಮ್ಮದಿ."

ಯಜಮಾನರ ಹೆಂಡತಿ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟರಲ್ಲಿ ಕಾರಿನಲ್ಲಿ ಕೂತಿದ್ದ ಅವರ ಅತ್ತೆ, "ಇನ್ನೂ ಅಲ್ಲೇನ್ ಮಾಡ್ತಿದ್ದೀಯೇ?" ಎಂದು ಕೂಗಿದರು. ಸೊಸೆ ಮೇಸ್ತ್ರಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

"ಇದ್ರಲ್ಲಿ ಇನ್ನೊಂದ್ ಮೊಳೆಗೆ ಜಾಗ ಐತಾ?"